ಎಂಟರಲ್ಲಿ ಒಂದು

ಮೊದಲ ದಿನ ಕೈಗಿತ್ತದ್ದು ನಕ್ಷೆಯಲ್ಲ,
ಹಳೇ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲ್ಲಲ್ಲಿ ಬರೆದ ಚಕ್ರ.
"ಆರೂಮುಕ್ಕಾಲು ಇಂಚು, ಜಸಿಂತಾ.
ಕೂದಲೆಳೆ ಹೆಚ್ಚಾದ್ರೂ ವಾಪಸ್ ತತ್ತೀನಿ."
ತಂದರು. ಮೂರು ಸಲ.

ಹೆಬ್ಬಾಳದ ಕೈಗಾರಿಕಾ ಬೀದಿಯಲ್ಲಿ ನನ್ನ ಲೇತಿಗೆ
ಹಗಲೆಲ್ಲ ಪಂಪಿನ ಬುಷ್ಷು, ಗ್ರೈಂಡರಿನ ಶಾಫ್ಟು;
ಆರರ ಮೇಲೆ ಕೆಂಪಸಿದ್ದಯ್ಯನವರ ಗಾಲಿ.
ಕೂಲಿ ಕೇಳಿದರೆ ಚುರುಮುರಿ ಪೊಟ್ಟಣ ಮುಂದಿಟ್ಟು
ಅಶೋಕಪುರಂ ವರ್ಕ್‌ಶಾಪಿನ ಕತೆ ತೆಗೆಯುವರು:
ಮೂವತ್ತಾರು ವರ್ಷ ಫಿಟ್ಟರು,
ಮೀಟರ್ ಗೇಜಿನ ಎಮ್ಮೆಗಳ ಹೊಟ್ಟೆಯೊಳಗೆ
ಇಸ್ತ್ರಿ ಅಂಗಿಯಲ್ಲಿ ತೂರಿ ಮಸಿಬಟ್ಟೆಯಾಗಿ ಬಂದವರು.

ಜಯಲಕ್ಷ್ಮೀಪುರದ ಡಾಕ್ಟರೊಬ್ಬರು ಕೊಟ್ಟ
ಸೀಮೆ ಇಂಜಿನ್ನೊಂದಿತ್ತು, ಹಸಿರು ಬಣ್ಣದ್ದು,
ಕ್ಯಾಬಿಗೆ ನಾಕೂ ಕಡೆ ಗೋಡೆ.
"ಚಳಿ ದೇಸದ್ದು ಕಣಮ್ಮಿ. ನಮ್ಮ ಡ್ರೈವರು
ಇದರಾಗೆ ಇಡ್ಲಿ ಆಗೋಯ್ತಾನೆ."
ಬೆನ್ನು ಕತ್ತರಿಸಿದರು. ಹೊಗೆಕೊಳವೆ ಮೋಟಾಯಿತು.
ಜೋಡಿ ಬಫರು ಕಿತ್ತು ನಡುವೆ ಒಂದೇ ಕೊಕ್ಕೆ.
ಹೀಗೆ ಬಿಚ್ಚುತ್ತ ಬಿಚ್ಚುತ್ತ
ಕೊನೆಗೆ ಉಳಿದದ್ದು ಸಿಳ್ಳೆ.
"ಇರ್ಲಿ ಬುಡು, ಇದರ ಹಿಂದಕ್ಕೊಂದು ಇಂಜಿನ್ ಕಟ್ಟುವಾ."

ಬಾಯ್ಲರಿಗೆ ತಾಮ್ರ ಬೇಕು ಅಂದ ದಿನವೇ
ಚಿಕ್ಕತಾಯಮ್ಮ ನೀರು ಕಾಯಿಸುವ ಹಂಡೆಯನ್ನು
ಕೋಣೆಗೆ ಉರುಳಿಸಿ ಬೀಗ ಹಾಕಿದರು.
ಮಂಡಿ ಮೊಹಲ್ಲಾದಿಂದ ಕೊಳವೆ ಬಂತು,
ಬೆಳ್ಳಿ ಬೆಸುಗೆ ಬಂತು, ಸಾಲ ಬಂತು.
ಬೀಗ ಮಾತ್ರ ಬಿಚ್ಚಲಿಲ್ಲ.

ಭಾನುವಾರಗಳಲ್ಲಿ ರೈಲ್ವೆ ಮ್ಯೂಸಿಯಮ್ಮು.
ಟೈಲರ್ ಟೇಪು ಹಿಡಿದು ನಾವಿಬ್ಬರೂ ಅಸಲಿಯ ಮೈಮೇಲೆ.
ಕಾವಲಿನವನು ಸಿಳ್ಳೆ ಊದಿದರೆ
"ಒಂಚೂರು ತಡಿಯಪ್ಪ, ಇದು ನಮ್ಮನೆ ದನ" ಎಂದು
ರಿವೆಟ್ಟು ಎಣಿಸುವರು ಅಯ್ಯ, ಬರೆದುಕೊಳ್ಳುವೆ ನಾನು:
ಟೆಂಡರಿನ ಎಡಮಗ್ಗುಲು, ಕೆಳಸಾಲು, ಅರವತ್ತೆರಡು.
ಮತ್ತೊಮ್ಮೆ ಎಣಿಸಿದೆ. ಅರವತ್ತೊಂದು.
ಹದಿನೇಳನೆಯದು ರಿವೆಟ್ಟಲ್ಲ,
ಬಣ್ಣದ ಪದರಗಳಡಿ ಆರು ಮೂಲೆಯ ಬೋಲ್ಟು.

"ಯಾರೋ ಸೋಮಾರಿ" ಅಂದೆ.
ಅಯ್ಯ ಟೇಪು ಸುತ್ತಿಕೊಂಡರು, ಬಿಚ್ಚಿದರು, ಸುತ್ತಿಕೊಂಡರು.
ಎಂಬತ್ತೊಂದನೇ ಇಸವಿ, ರಾತ್ರಿ ಪಾಳಿ,
ಬೆಳಿಗ್ಗೆ ಚಾಮರಾಜನಗರದ ಪ್ಯಾಸೆಂಜರಿಗೆ ಇದೇ ಹೋಗಬೇಕು,
ರಿವೆಟ್ ಹೊಡೆಯುವವರು ಊಟಕ್ಕೆ ಹೋದವರು ಬರಲಿಲ್ಲ.
"ನಾಳೀಕೆ ಸರಿ ಮಾಡ್ತೀನಿ ಅಂತ
ರಿಜಿಸ್ಟರಲ್ಲಿ ರುಜು ಹಾಕಿದ್ದೆ ಕಣಮ್ಮಿ."

ಆ ರಾತ್ರಿ ನಾನು ಬಿಡಿಗಾಸಿಲ್ಲದೆ ಲೇತು ಹಚ್ಚಿದೆ.
ಎಳ್ಳಿಗಿಂತ ದೊಡ್ಡದು, ಮೆಣಸಿನಕಾಳಿಗೆ ಚಿಕ್ಕದು,
ಆರು ಮೂಲೆ. ಹನ್ನೊಂದು ಕಳೆದು ಹನ್ನೆರಡನೆಯದು ನಿಂತಿತು.
ಬೆರಳ ತುದಿಗೆ ಅಂಟಿಸಿಕೊಂಡು ಕೊಟ್ಟೆ.
ಕನ್ನಡಕ ಎತ್ತಿ ನೋಡಿದರು.
ವಾಪಸ್ ತರಲಿಲ್ಲ.

ಮಾರ್ಚಿಯಲ್ಲಿ ಬೀದಿಗೆ ಹಳಿ ಹಾಸಿದೆವು,
ಐದಿಂಚು ಅಗಲ, ಅರವತ್ತಡಿ ಉದ್ದ.
ಆಟೋಗಳು ಎರಡೂ ಕಡೆ ಲೆವೆಲ್ ಕ್ರಾಸಿಂಗಿನಂತೆ ನಿಂತವು.
ಇಸ್ತ್ರಿ ಕೃಷ್ಣೋಜಿ ಕೊಟ್ಟ ಇದ್ದಿಲಿಗೆ ಉರಿ ಹಿಡಿದು
ಮುಳ್ಳು ಎಂಬತ್ತಕ್ಕೆ ಬಂದಾಗ
ಹಿಂದಿನ ಹಲಗೆಯ ಮೇಲೆ ಮಂಡಿ ಗಲ್ಲಕ್ಕೆ ತಾಗಿ ಕೂತ ಅಯ್ಯ
ಎರಡೇ ಬೆರಳಲ್ಲಿ ರೆಗ್ಯುಲೇಟರು ಎಳೆದರು.

ಹೋಯಿತು.
ಸೀಮೆಯ ಸಿಳ್ಳೆ, ನಮ್ಮೂರ ಉಸಿರು.

ಬೀದಿ ಕೊನೆಯಲ್ಲಿ ಬಗ್ಗಿ ನೋಡುತ್ತೇನೆ,
ಹದಿನೇಳನೆಯದರ ಕೆಳಗೆ ಒಂದು ಹನಿ.
ಅದನ್ನು ಎಂಟರಿಂದ ಭಾಗಿಸಲು ಬಂದಿಲ್ಲ ಯಾರಿಗೂ,
ಅಸಲಿ ಅಳತೆಯದೇ, ತುಂಬು ಹನಿ.
"ಬಿಚ್ಚಿ ವಾಷರ್ ಹಾಕಲಾ?"

"ಬ್ಯಾಡ. ಅದೂ ಅಲ್ಲೇ ಸೋರ್ತಿತ್ತು."

ಚಿಕ್ಕತಾಯಮ್ಮ ಒಳಗೆ ಹೋದರು,
ಬೀಗ ತೆಗೆದ ಸದ್ದು,
ಹಂಡೆಯ ಚೊಂಬು ತಂದು ಅದರಡಿಗೆ ಇಟ್ಟರು.