ಒಂದ ಕಾಲಿನ ಚಪ್ಪಲಿ

ಮೊದಲನೇ ಆಟ ಬಿಟ್ಟಾಗ ಒಂಬತ್ತೂವರಿ.
ಹಳೇ ಬಾಗಲಕೋಟಿ, ಟಾಕೀಸಿನ ಎದುರಿಗೆ ಚಾದಂಗಡಿ,
ನಾನು, ನಿಜಗುಣಿ, ಕಸ್ತೂರೆವ್ವ ವೈನಿ,
ಕಾಗದದಾಗ ಆರು ಮಿರ್ಚಿ. ಯಾರೂ ಮುಟ್ಟಲಿಲ್ಲ.

ಪಿಚ್ಚರು ಮುಗಿದದ್ದ ಹಂಗಿತ್ತು.
ದಿನಾ ರಾತ್ರಿ ಕನಸಿನ್ಯಾಗ ಬ್ಯಾರೇ ಮನಿಗೆ ಹೋಗಿ
ಸಂಸಾರ ಮಾಡಾಂವ ಒಬ್ಬಾಂವ
ಕಡೀಗೆ ಒಂದ ಮುಂಜಾನೆ ಹೊಸ್ತಿಲಕ್ಕ ಬಂದು ನಿಲ್ಲತಾನ.
ಒಂದ ಕಾಲಾಗ ಚಪ್ಪಲಿ.
ಒಳಗಿಂದ ಯಾರೋ ಕರೀತಾರ.
ಹೊಳ್ಳಿ ನೋಡೂದರಾಗ
ಪರದೆ ಬೆಳ್ಳಗ.

‘ಎದ್ದಿಲ್ಲ ಅಂವ,’ ಅಂದ ನಿಜಗುಣಿ,
‘ಎಚ್ಚರಿದ್ದಾಂವ ಎರಡೂ ಮೆಟ್ಟತಾನ.’
‘ಕನಸಿನ್ಯಾಗ ಇಡೀ ಪಿಚ್ಚರು ಬರಿಗಾಲ ಇದ್ದ,
ನೋಡಿದೇನು ನೀ?’ ಅಂದಳು ವೈನಿ.
‘ಒಂದರೆ ಸಿಕ್ಕೇತಿ ಅಂದ್ರ ಅದು ಖರೇನ.
ಖರೇ ಜಗತ್ತಿನ್ಯಾಗ ಇನ್ನೊಂದು
ಯಾವಾಗಲೂ ಕಳದಿರತೈತಿ.’
‘ಕರದಾಕಿ ಯಾರು?’ ಅಂದೆ ನಾ.
ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಮತ್ತ ಎರಡು ಸಲ ಟಿಕೀಟ ತಗಿಸಿದ್ವಿ.
ವೈನಿ ಬರೇ ಕಾಲು ನೋಡಿದಳು,
ನಿಜಗುಣಿ ಕಣ್ಣ ರೆಪ್ಪಿ ಎಣಿಸಿದ.
ನಾ ಆ ದನಿ ಕೇಳಕೋತ ಕುಂತೆ,
ಎಲ್ಲೋ ಕೇಳಿದ್ದ ದನಿ ಅನಸ್ತಿತ್ತು.

ಆಮ್ಯಾಲ ನೀರು ಬಂತು.
ಒಮ್ಮಿಗೇ ಬರಲಿಲ್ಲ. ಮೊದಲ ಬಾಗಲದ ಮ್ಯಾಲ
ಬಣ್ಣದ ನಂಬರ ಬಂತು, ಆಮ್ಯಾಲ ಚೆಕ್ಕು,
ನಮ್ಮ ಮನಿ ನಾವ ಕೆಡವಿ, ಚೌಕಟ್ಟು ಹೊಸ್ತಿಲ ಸಹಿತ
ಟ್ರ್ಯಾಕ್ಟರಿಗೆ ಹಾಕಿ ನವನಗರಕ್ಕ ಒಯ್ದ್ವಿ.
ಟಾಕೀಸಿನ ಕುರ್ಚಿ ಹರಾಜ ಆದವು.
ವೈನಿ ಎರಡು ಕೊಂಡಳು, ಕಬ್ಬಿಣದ್ದು, ಜೋಡಿ.

ಅವತ್ತ ಆಪರೇಟರ್ ನಬಿಸಾಬ ಅಲ್ಲೇ ಇದ್ದ.
‘ಆ ಪಿಚ್ಚರಿನ ಕಡೀ ರೀಲು
ಬರೂವಾಗನ ಹರದು ಬಂದಿತ್ತು, ವೈನೀರ.
ಹತ್ತ ಮೊಳ ಕತ್ತರಿಸಿ ಒಗದಿದ್ದೆ.’
‘ಅದರಾಗ ಏನಿತ್ತೋ ಮಾರಾಯಾ?’
‘ನಾ ಎಲ್ಲಿ ಪಿಚ್ಚರು ನೋಡತಿದ್ದೆ?
ಕಾರ್ಬನ್ ಕಡ್ಡಿ ನೋಡತಿದ್ದೆ.
ಬೆಳಕು ಆರಬಾರದಲ್ಲ.’

ನಿಜಗುಣಿ ತಲಿ ಹಿಡಕೊಂಡ.
ವೈನಿ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಹಂಗಾರ ಉಳದ ಊರಾಗೆಲ್ಲ ಅಂವ ಎದ್ದಾನು,’ ಅಂದಳು,
‘ನಮ್ಮೂರಾಗಷ್ಟ ಇನ್ನೂ ಹೊಸ್ತಿಲದಾಗ ನಿಂತಾನ.’

ಹ್ವಾದ ಬ್ಯಾಸಗಿ ಹಿನ್ನೀರು ಇಳದಿತ್ತು.
ನಾನೂ ನಿಜಗುಣಿನೂ ಹೋದ್ವಿ.
ಒಣಗಿ ಬಿರಿದ ಕೆಸರು, ಬುನಾದಿ ಸಾಲು,
ಯಾರದೋ ಒರಳು, ಮುಖ ಮ್ಯಾಲ ಮಾಡಿ.
‘ಇದ ಬಾಲ್ಕನಿ ಮೆಟ್ಟಲು,’ ಅಂದ.
‘ಅಲ್ಲ, ಇಲ್ಲಿ ಬೋಳಬಂಡಿ ಬಿಡತಿದ್ರು,
ಟಾಕೀಸ ಆ ಕಡೆ,’ ಅಂದೆ.
ಹೊತ್ತು ಮುಳುಗೂತನಕ ಜಗಳಾಡಿದ್ವಿ.
ಮಾತು ತಟ್ಟಿ ಹೊಳ್ಳಿ ಬರಾಕ ಒಂದು ಗ್ವಾಡಿ ಇರಲಿಲ್ಲ.

ರಾತ್ರಿ ವೈನಿ ಕೇಳಿದಳು: ‘ಟಾಕೀಸ ಕಂಡೀತೇನು?’
‘ಹೌದು’ ಅಂದ ಅಂವ. ‘ಇಲ್ಲ’ ಅಂದೆ ನಾ.
ಚಾ ತಂದಳು. ಎರಡೂ ಕುರ್ಚಿ ನಮಗ ಬಿಟ್ಟು
ತಾನು ಹಳೇ ಮನಿ ಹೊಸ್ತಿಲದ ಮ್ಯಾಲ ಕುಂತಳು,
ಬಸಿ ಊದಿ, ಒಂದ ಗುಟುಕು ಕುಡದು,
‘ಅಲ್ಲೋ,’ ಅಂದಳು,
‘ಆ ಚಪ್ಪಲಿ ಎಡಗಾಲಿಂದಿತ್ತೋ ಬಲಗಾಲಿಂದೋ?’