ಬಿಕ್ಕಲಂ

ಪೇಟೆಬೀದಿಯಲ್ಲಿ ಕೊಂಡ ನೀಲಿ ಫೈಲು,
ಇಪ್ಪತ್ತು ಪ್ಲಾಸ್ಟಿಕ್ ಜೇಬು, ಎಂಬತ್ತೈದು ರೂಪಾಯಿ.
ಒಂದು ಜೇಬಿನ ಬಾಯಿ ಅಂಟಿಕೊಂಡಿದೆ,
ಹತ್ತೊಂಬತ್ತು ಎಂದೇ ಲೆಕ್ಕ ಹಿಡಿಯೋಣ.

ಸೋಮವಾರದೊಳಗೆ ಕಳಿಸಬೇಕು
ಮೈಸೂರು, ಸರಸ್ವತಿಪುರಂ, ಜಾಹೀರಾತು ಕಂಪನಿಗೆ:
ನಿಮ್ಮ ಬರವಣಿಗೆಯ ಆಯ್ದ ಮಾದರಿಗಳು;
ಐದು ವರ್ಷದ ನಂತರ ಎಲ್ಲಿರುತ್ತೀರಿ, ನೂರು ಪದದಲ್ಲಿ.
ಐದು ವರ್ಷದ ಹಿಂದೆ ಎಲ್ಲಿದ್ದೆ ಎಂದು ಕೇಳಿದ್ದರೆ
ಥಟ್ಟನೆ ಹೇಳುತ್ತಿದ್ದೆ: ಮಂಡ್ಯದ ಇದೇ ಜಗಲಿ, ಇದೇ ಮಣೆ,
ಸಕ್ಕರೆ ಕಾರ್ಖಾನೆ ಕಡೆಯಿಂದ ಇದೇ ಕಾಕಂಬಿ ವಾಸನೆ.

ಮೊದಲ ಜೇಬಿಗೆ ಕಾಲೇಜು ಸಂಚಿಕೆಯ ಪದ್ಯ.
‘ನದಿಯ ಹಾಡು’ ಎಂದು ಬರೆದದ್ದು
‘ನದಿಯ ಹಾಳು’ ಎಂದು ಅಚ್ಚಾಗಿತ್ತು;
ಅದೇ ಚೆನ್ನಾಗಿದೆ ಎಂದರು ಇಬ್ಬರು ಮೇಷ್ಟ್ರು.
ತೆಗೆದೆ, ಇಟ್ಟೆ, ಮತ್ತೆ ತೆಗೆದೆ.

ಆಮೇಲೆ ಗುತ್ತಲು ರಸ್ತೆಯ ಫ್ಲೆಕ್ಸು.
‘ಮತ್ತೆ ಹುಟ್ಟಿ ಬನ್ನಿ’ಗೆ ಮೂವತ್ತು ರೂಪಾಯಿ ದರ.
ಹಾಲಿನ ಜವರಪ್ಪ ಹೋದ ದಿನ ಮಾತ್ರ
ಅದನ್ನು ಬರೆಯಲು ಕೈ ಏಳಲಿಲ್ಲ.
‘ಇವರ ಸೈಕಲ್ ಬೆಲ್ಲು ಕೇಳಿದ ಮೇಲೆಯೇ
ನಮ್ಮ ಬೀದಿಯ ಹಾಲು ಉಕ್ಕುತ್ತಿದ್ದದ್ದು’
ಎಂದು ಬರೆದುಕೊಟ್ಟೆ, ದುಡ್ಡು ತಗೊಳ್ಳಲಿಲ್ಲ.
ಹನ್ನೊಂದು ದಿನ ನಿಂತಿತು ಮೂಲೆಯಲ್ಲಿ;
ಈಗ ಕಬ್ಬಿನ ಹಾಲಿನ ಗಾಡಿಗೆ ಮಾಡು,
‘ಹಾಲು’ ಎಂಬಲ್ಲಿ ಸರಿಯಾಗಿ ಒಂದು ತೂತು.
ಫೋಟೋ ಹೊಡೆದಿಟ್ಟುಕೊಂಡಿದ್ದೇನೆ.
ಇದನ್ನು ಯಾವ ತಲೆಬರಹದಡಿ ಇಡುವುದು?

ಎಲ್ಲಕ್ಕಿಂತ ಚೆನ್ನಾಗಿರುವುದು ನನ್ನದಲ್ಲ.
ಡಿಪೋ ಮ್ಯಾನೇಜರಿಗೆ ಸಾಕಮ್ಮನ ಅರ್ಜಿ.
ಅವಳು ನಿಂತು ಹೇಳಿದಳು, ನಾನು ಕೂತು ಬರೆದೆ;
ಬೈಗುಳ ತೆಗೆದೆ, ಬಿಸಿ ಉಳಿಸಿದೆ,
‘ಮಾನ್ಯರೇ’ ಎಂಬುದರ ಕೆಳಗೆ ಕೆಂಡ ಮುಚ್ಚಿದೆ.
‘ಬಸ್ಸು ನಿಲ್ಲದಿದ್ದರೆ ಸೊಪ್ಪು ಬಾಡುತ್ತದೆ,
ಬಾಡಿದ ಸೊಪ್ಪಿಗೆ ತಾವು ರೇಟು ಕಟ್ಟಿಕೊಡುವಿರಾ?’
ಈಗ ಬೆಳಗಿನ ಬಸ್ಸು ನಿಲ್ಲುತ್ತದೆ.
ಅರ್ಜಿಯ ಕೊನೆಗೆ ಅವಳ ಹೆಬ್ಬೆಟ್ಟು.
ನನ್ನ ಹೆಸರು ಎಲ್ಲೂ ಇಲ್ಲ.

ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಪತ್ರ ಬರಹಗಾರ,
ಮೂವತ್ತೊಂದು ವರ್ಷ.
ಕ್ರಯ, ಭೋಗ್ಯ, ದಾನ, ವಿಭಾಗ:
ಊರಿನ ಅರ್ಧ ಜಗಳ ಅವನ ಅಕ್ಷರದಲ್ಲಿ ಮಲಗಿದೆ.
ಒಂದರಲ್ಲೂ ಅವನದೊಂದು ಗುಂಟೆ ಇಲ್ಲ;
ಆದರೂ ಎಲ್ಲದರ ತಳದಲ್ಲಿ, ಇರುವೆ ಸಾಲಿನಂತೆ,
ಬಿಕ್ಕಲಂ: ಬೋರಲಿಂಗಯ್ಯ.
ಸಾಕ್ಷಿಯಲ್ಲ, ಒಡೆಯನಲ್ಲ. ಬರೆದವನು.

ಐದು ವರ್ಷದ ಪ್ರಶ್ನೆಗೆ ನಾನೂ ಅವನ ಚಾಳಿಯಲ್ಲೇ
ಚೆಕ್ಕುಬಂದಿ ಹಾಕಿದೆ ನನ್ನ ಮುಂದಿನ ಬದುಕಿಗೆ:
ಪೂರ್ವಕ್ಕೆ ಬಿ.ಎಡ್., ಅಮ್ಮನ ಹರಕೆ;
ಪಶ್ಚಿಮಕ್ಕೆ ಮೈಸೂರು, ಸೋಪಿಗೂ ಸೈಟಿಗೂ ಸವಿಮಾತು;
ಉತ್ತರಕ್ಕೆ ಜಿಲ್ಲಾ ಪತ್ರಿಕೆಯ ಕರಡು ತಿದ್ದುವ ಮೇಜು,
ಸಂಬಳ ಕಮ್ಮಿ, ರಾತ್ರಿ ಪಾಳಿ, ಟೀ ಧಾರಾಳ;
ದಕ್ಷಿಣಕ್ಕೆ
ಪೆನ್ನು ನಿಂತಿತು.

ಅಪ್ಪ ಕನ್ನಡಕ ಏರಿಸಿ ಓದಿದ.
‘ಮೂರು ದಿಕ್ಕಿಗೆ ಸೈಟು ರಿಜಿಸ್ಟ್ರಾಗಕಿಲ್ಲ ಕಣವ್ವ.’
‘ದಾರಿ’ ಅಂತ ಹಾಕಲಾ ಎಂದೆ, ಚೆನ್ನಾಗಿ ಕಂಡೀತೆಂದು.
‘ಕಾಣದ ಕಡೀಕೆ ದಾರಿ ಅಂತ ಬರ್ದು
ಎಷ್ಟು ಜನ ಕೋರ್ಟು ಅಲೀತಾವ್ರೆ ಗೊತ್ತಾ?
ಓಗಿ ನಿಂತು ನೋಡ್ಕಂಡ್ ಬಾ. ಆಮ್ಯಾಕೆ ಬರಿ.’
ಅಷ್ಟು ಹೇಳಿ ಎಲೆಗೆ ಸುಣ್ಣ ಸವರಿದ.

ರಾತ್ರಿ ಹನ್ನೊಂದು. ಮೈಸೂರಿನ ಕಡೆ ರೈಲು ಹೋಯಿತು.
ಫ್ಲೆಕ್ಸಿನ ಫೋಟೋ ಒಳಗೆ, ಪದ್ಯ ಹೊರಗೆ.
ನೂರು ಪದದ ಜಾಗದಲ್ಲಿ ಮೂರೂವರೆ ಸಾಲು.
ಅರ್ಜಿಯ ನಕಲನ್ನು ದೀಪಕ್ಕೆ ಹಿಡಿದೆ:
ಹೆಬ್ಬೆಟ್ಟಿನ ಸುಳಿ, ಸೊಪ್ಪಿನ ಮಡಿಯಂತೆ ಗೆರೆ ಗೆರೆ.
ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಅಳಿಸಬರುವಷ್ಟು ತೆಳ್ಳಗೆ,
ಬಿಕ್ಕಲಂ: ಬೋ. ಹಂಸವೇಣಿ.
ಬೆಳಗ್ಗೆ ಬಸ್ಸಿನಿಂದ ಕುಕ್ಕೆ ಇಳಿಸುವಾಗ
ಸಾಕಮ್ಮನನ್ನು ಕೇಳಬೇಕು,
ಅವಳ ಸಿಟ್ಟಿನ ತಳದಲ್ಲಿ ನನ್ನ ಹೆಸರು ಇರಬಹುದಾ ಎಂದು.