ಎಡಸುತ್ತು

ಹೆಬ್ಡನ್ ಬ್ರಿಜ್‌ನಿಂದ ಏದುಸಿರಲ್ಲಿ ಹತ್ತಿ ಬಂದ ಬಸ್ಸು
ನಮ್ಮಿಬ್ಬರನ್ನು ಇಳಿಸಿ ಹೋದಲ್ಲಿ ಒಂದು ಹಲಗೆ:
ಸುತ್ತುದಾರಿ. ಐದೂವರೆ ಮೈಲಿ. ಮಧ್ಯಮ.

ಯಾರಿಗೆ ಮಧ್ಯಮ, ಎಂದಳು ಡೋರೀನ್.
ಮೂವತ್ತೊಂದು ವರ್ಷ ಇದೇ ಏರಿನಲ್ಲಿ ಬಸ್ಸು ಓಡಿಸಿದವಳು,
ಈಗ ಎಪ್ಪತ್ತೆರಡು. ಏರು ಏನೂ ಮಾಡದು,
ಕಡಿದಾದ ಇಳಿಜಾರೇ ಮಂಡಿಯನ್ನು ತಿನ್ನುವುದು.
ಅದಕ್ಕೇ, ಎರಡು ವರ್ಷ ಬಲಕ್ಕೆ ಸುತ್ತಿದ್ದನ್ನು
ಇವತ್ತು ಎಡಕ್ಕೆ ಸುತ್ತೋಣ ಎಂದಳು.

ಒಂದು ಗಳಿಗೆ ತಡೆದೆ.
ಎಡಸುತ್ತು ಯಾವುದಕ್ಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.
ಹೇಳಲಿಲ್ಲ.
ಬಿಗಿದಿದ್ದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಬಿಗಿದೆ.

ಮೊದಲು ಹುಲ್ಲುಗಾವಲು.
ಜುಲೈ ಮೊದಲ ವಾರ, ಇನ್ನೂ ಕುಯ್ದಿಲ್ಲ.
ಮೊಣಕಾಲ ಮಟ್ಟಕ್ಕೆ ಹಳದಿ, ಅದರಡಿಗೆ ಕೆಂಪು,
ಅದರಡಿಗೆ ನನಗೆ ಹೆಸರು ಗೊತ್ತಿಲ್ಲದ್ದು.
ಗಿಲಕಿಯಂಥ ಗಿಡವೊಂದಿದೆ ಇಲ್ಲಿ; ಒಣಗಿದ ಕಾಯೊಳಗೆ ಬೀಜ
ಗಿಲಗಿಲ ಎಂದರೆ ಕುಡುಗೋಲಿಗೆ ಹೊತ್ತಾಯಿತೆಂದು ಲೆಕ್ಕವಂತೆ.
ಪಕ್ಕದ ಹುಲ್ಲಿನ ಬೇರಿನಿಂದ ರಸ ಕದ್ದು ಬದುಕುತ್ತದೆ,
ಹುಲ್ಲು ಸೊರಗಿದಲ್ಲಿ ಹೂಗಳಿಗೆ ಜಾಗ.
ಕಳ್ಳಿ, ಎಂದಳು ಡೋರೀನ್, ಮೆಚ್ಚಿ.
ಒಂದನ್ನು ಅಲ್ಲಾಡಿಸಿ ಕಿವಿಗೆ ಹಿಡಿದು,
ಇನ್ನೂ ಹತ್ತು ದಿನ.

ಆಮೇಲೆ ಕಲ್ಲಗೋಡೆ. ಸುಣ್ಣವಿಲ್ಲ, ಗಾರೆಯಿಲ್ಲ,
ಒಂದರ ಭಾರ ಇನ್ನೊಂದಕ್ಕೆ ಒಪ್ಪಿಸಿ ನಿಂತದ್ದು.
ಗೋಡೆಯ ಮೈಯಿಂದ ಮೂರು ಕಲ್ಲು ಹೊರಚಾಚಿ ಮೆಟ್ಟಿಲು.
ಹತ್ತಿ, ಒಂದು ಕಾಲು ಈಚೆ, ಒಂದು ಕಾಲು ಆಚೆ ಇರುವಾಗ
ತೊಡೆಯ ಸಂದಿನಿಂದ ಎದ್ದು ಬಂತು ಶಬ್ದ:
ದಣಪೆ.
ನಲವತ್ತು ವರ್ಷ ಬಾಯಿಗೆ ಬಂದದ್ದೇ ಇಲ್ಲ.
ಕಾಲು ಇಟ್ಟುಕೊಂಡಿತ್ತು.

ಹೇಳಿಕೊಟ್ಟೆ. ನಾಲಿಗೆ ಮಡಚಲಾರದೆ ಡೋರೀನ್
ದನಪೆ, ಎಂದಳು. ನಕ್ಕೆ.
ನಕ್ಕು ಮುಗಿದ ಮೇಲೆ ಹೊಳೆಯಿತು:
ದನ ದಾಟದಿರಲೆಂದೇ ಅಲ್ಲವೆ ಅದು ಇರುವುದು,
ಇವಳದೇ ಸರಿ ಇದ್ದೀತು.

ಕಾಡು ಹೊಕ್ಕರೆ ಮಾತು ತಾನಾಗಿ ಸಣ್ಣದಾಯಿತು.
ಬೀಚ್ ಮರಗಳು, ಆನೆಯ ಕಾಲಿನ ಬಣ್ಣ.
ಇರುವೆಗಳು ಕಸಕಡ್ಡಿ ಹೊತ್ತು ಕಟ್ಟಿದ ಗುಡ್ಡೆ ನನ್ನ ಸೊಂಟದೆತ್ತರ;
ಅಂಗೈ ಮೇಲೆ ಹಿಡಿದು ಮೂಸಿದರೆ ಹುಳಿ.
ಚಗಳಿಯ ನೆಂಟರೇ, ಅನುಮಾನವಿಲ್ಲ.
ಸಿಡಿಲು ಬಡಿದು ಹೊಟ್ಟೆ ಕರಕಾದ ಓಕ್ ಒಂದು
ಇಷ್ಟು ದಿನ ನಮ್ಮ ಬೆನ್ನು ನೋಡುತ್ತಿತ್ತು,
ಇವತ್ತು ಎದುರಾಯಿತು.
ದಾರಿ ಬಿಟ್ಟು ನಡೆದೆವು, ಹಿರಿಯರಿಗೆ ಬಿಡುವಂತೆ.

ಏರು ಮುಗಿವಲ್ಲಿ ಗೋಡೆ ಕುಸಿದ ಒಂದು ಸಂದು.
ಆ ಕಡೆಯಿಂದ ಬಂದರೆ ಹಾಲಿಯ ಪೊದೆ ಅದಕ್ಕೆ ಮರೆ.
ಎರಡು ವರ್ಷ ಏನನ್ನು ಸುತ್ತುತ್ತಿದ್ದೆವೋ
ಅದು ಕಂಡಿತು:
ಯಾರದೋ ಖಾಸಗಿ ಹೊಲ, ನಟ್ಟನಡುವೆ
ಯಾವುದೋ ಮನೆಯಿಂದ ಕಿತ್ತು ತಂದ ಸ್ನಾನದ ತೊಟ್ಟಿ.
ನಾಲ್ಕು ಮೋಟುಗಾಲು, ನಲ್ಲಿಯಿದ್ದಲ್ಲಿ ತೂತು,
ಅಂಚಿನವರೆಗೆ ಮೋಡ.
ಕೆಂಪು ಹಸುವೊಂದು ಮೂತಿಯಿಟ್ಟು ಕುಡಿಯುತ್ತಿತ್ತು.
ತಲೆಯೆತ್ತಿತು. ಗಲ್ಲದಿಂದ ನೀರಿನ ಎಳೆ.

ಇಬ್ಬರೂ ಮಾತಾಡಲಿಲ್ಲ.
ಡೋರೀನ್ ಟೋಪಿ ತೆಗೆದಳು, ಸೆಕೆಗೇ ಇರಬೇಕು.
ನನ್ನ ಹಿಮ್ಮಡಿ, ಚಪ್ಪಲಿ ಬಿಡುವವಳಂತೆ,
ಬೂಟಿನೊಳಗೆ ಸ್ವಲ್ಪ ಎದ್ದಿತ್ತು.

ಇಳಿಯುವಾಗ ಜೊಂಡಿನ ನಡುವಿಂದ ಟಿಟ್ಟಿಭದ ದಾಯಾದಿ,
ತಲೆಗೆ ಜುಟ್ಟು ಕಟ್ಟಿದ್ದು, ಬೈದು ಅಟ್ಟಿಸಿಕೊಂಡು ಬಂತು.
ಮರಿಗಳಿರಬೇಕು. ತಪ್ಪಾಯಿತೆಂದು ಕೈಯೆತ್ತಿ ಓಡಿದೆವು,
ಮಂಡಿ ಮರೆತು.

ಬಸ್ಸು ನಾಲ್ಕು ನಿಮಿಷದ ಹಿಂದೆ ಹೋಗಿತ್ತು.
ನಾನಾಗಿದ್ದರೆ ಕಾಯುತ್ತಿದ್ದೆ, ಎಂದಳು ಡೋರೀನ್,
ಸುಳ್ಳು; ಅವಳಿಗೂ ಗೊತ್ತು.
ಮುಂದಿನದಕ್ಕೆ ಐವತ್ತಾರು ನಿಮಿಷ.
ಫ್ಲಾಸ್ಕಿನ ಚಹಾ ಮುಚ್ಚಳದಲ್ಲಿ ಹಂಚಿಕೊಂಡು
ನಾನು ಕಾಲುಚೀಲದಿಂದ ಹುಲ್ಲಿನ ಮುಳ್ಳು ಕೀಳುತ್ತಿದ್ದೆ.
ಅವಳು ಪ್ಯಾಂಟು ಮಡಚಿ, ಎರಡೂ ಕೈಯಲ್ಲಿ
ದನಪೆ, ದನಪೆ, ಎನ್ನುತ್ತ
ಮಂಡಿ ತಿಕ್ಕಿಕೊಳ್ಳುತ್ತಿದ್ದಳು,
ಅದೇನೋ ಎಣ್ಣೆಯ ಹೆಸರೆಂಬಂತೆ.